ರುಬ್ಬುವ ಕೋಣೆಯಲ್ಲಿ ಏಳನೇ ಕ್ಲಾಸು

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಮಾತು ಬಂದಾಗ ಜನ ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: ಅಲ್ಲಿ ಕಲಿತು ದೊಡ್ಡವರಾದವರು ಯಾರು, ಎಸ್ಸೆಸ್ಸಿಯಲ್ಲಿ ಎಷ್ಟು ಮಂದಿ ಪಾಸಾದರು. ನಾನು ಹೇಳಹೊರಟದ್ದು ಬೇರೆ. ಶಾಲೆಗೆ ಬೀಗ ಬಿದ್ದಿದ್ದ ಎರಡು ವಾರಗಳಲ್ಲಿ ಶಾಲೆ ಹೇಗೆ ನಡೆಯಿತು ಎಂಬುದು. ಅದು ನಡೆದದ್ದು ಗ್ರಾಂಟ್ ರೋಡಿನ ಒಂದು ಹೋಟೆಲಿನ ರುಬ್ಬುವ ಕೋಣೆಯಲ್ಲಿ, 1971ರ ಡಿಸೆಂಬರಿನಲ್ಲಿ. ಕೇಳಿ.

ಆಗ ನಾನು ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮಕ್ಕೆ, ಭಾಜಿ ಗಲ್ಲಿಯಿಂದ ನಾನಾ ಚೌಕದತ್ತ ಹೋಗುವ ಕಡೆ, ನಮ್ಮೂರಿನವರೊಬ್ಬರ ಹೋಟೆಲಿನಲ್ಲಿದ್ದೆ. ಉಡುಪಿ ತಾಲೂಕಿನ ಹಳ್ಳಿಯಿಂದ ಅರ್ಧಕ್ಕೆ ಶಾಲೆ ಬಿಟ್ಟು ಬಂದವನು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ನಮ್ಮ ಕಾಲದಲ್ಲಿ ಬಸ್ಸಿನಲ್ಲಿ ಘಟ್ಟ ಹತ್ತಿ, ಹುಬ್ಬಳ್ಳಿ, ಕೊಲ್ಲಾಪುರ, ಪುಣೆ ದಾಟಿ ಬರಬೇಕಿತ್ತು. ಕರೆತಂದವರು ಒಂದು ಹೋಟೆಲಿನ ಬಾಗಿಲಲ್ಲಿ ಇಳಿಸಿ, ಧಣಿಗಳಿಗೆ ಒಪ್ಪಿಸಿ ಹೋದರೆ ಮುಗಿಯಿತು. ಊಟ ಅಲ್ಲೇ, ಸ್ನಾನ ಅಲ್ಲೇ. ರಾತ್ರಿ ಟೇಬಲುಗಳನ್ನು ಜೋಡಿಸಿಕೊಂಡು ನಿದ್ದೆಯೂ ಅಲ್ಲೇ.

ಹೋಟೆಲಿಗೆ ಬಂದ ಮಾಣಿಯ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲು ಮೋರಿಯಲ್ಲಿ ಕಪ್ಪು-ಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ನೀರು ಇಡುವುದು, ಮೀಸೆ ಮೂಡಿದ ಮೇಲೆ ವೈಟರ್. ಕೈ ಚುರುಕಿದ್ದವನು ಭಟ್ಟಿಗೆ ಹೋಗುತ್ತಿದ್ದ, ಲೆಕ್ಕ ಚುರುಕಿದ್ದವನು ಗಲ್ಲಾದ ಹತ್ತಿರಕ್ಕೆ. ಈ ಮೆಟ್ಟಿಲುಗಳ ಆಚೆ ಇನ್ನೊಂದು ದಾರಿ ಇದೆ ಎಂದು ತೋರಿಸಿದ್ದು ರಾತ್ರಿ ಶಾಲೆ.

ನಮ್ಮ ಶಾಲೆ ಇದ್ದದ್ದು ಫೋರ್ಟಿನಲ್ಲಿ. ಸಂಜೆಯ ಗಿರಾಕಿ ನುಗ್ಗುವ ಹೊತ್ತಿಗೆ ಸರಿಯಾಗಿ ನಾವು ಹೊರಡಬೇಕು, ಅದೇ ದೊಡ್ಡ ತೊಡಕು. ಗ್ರಾಂಟ್ ರೋಡಿನಲ್ಲಿ ಲೋಕಲ್ ಹತ್ತಿದರೆ ಚರ್ನಿ ರೋಡ್, ಮರೀನ್ ಲೈನ್ಸ್, ಚರ್ಚ್‌ಗೇಟ್. ಅಲ್ಲಿಂದ ಫ್ಲೋರಾ ಫೌಂಟನ್ ದಾಟಿ ಕಾಲ್ನಡಿಗೆ. ಆ ಕಟ್ಟಡದಲ್ಲಿ ಹಗಲು ಬೇರೊಂದು ಶಾಲೆಯ ಚಿಕ್ಕ ಮಕ್ಕಳು ಕೂರುತ್ತಿದ್ದರು. ಅವರ ಅಳತೆಯ ಬೆಂಚುಗಳ ಕೆಳಗೆ ನಮ್ಮ ಮೊಣಕಾಲು ತೂರುತ್ತಿರಲಿಲ್ಲ, ಅಡ್ಡ ಕೂತು ಬರೆಯುತ್ತಿದ್ದೆವು. ಒಬ್ಬನ ಕೈಯಲ್ಲಿ ಸಾಬೂನಿನ ವಾಸನೆ, ಇನ್ನೊಬ್ಬನದರಲ್ಲಿ ಈರುಳ್ಳಿ, ಮತ್ತೊಬ್ಬ ಯಾವುದೋ ಕಚೇರಿಯ ಜವಾನ, ಮಗದೊಬ್ಬ ಬಂದರಿನ ಗೋದಾಮಿನಿಂದ ಬಂದವನು. ಏಳನೇ ಕ್ಲಾಸಿನಲ್ಲಿ ಹದಿನಾಲ್ಕರವನೂ ಇದ್ದ, ಮದುವೆಯಾಗಿ ಊರಲ್ಲಿ ಮಗು ಇದ್ದವನೂ ಇದ್ದ.

ನಮಗೆ ಸಮಾಜ ಮತ್ತು ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರು ಹಗಲು ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಕ್ಲಾಸಿನಲ್ಲಿ ಯಾರಾದರೂ ತೂಕಡಿಸಿದರೆ ಅವರು ಬೆತ್ತ ಎತ್ತುತ್ತಿರಲಿಲ್ಲ. ಪಕ್ಕದವನಿಗೆ ಹೇಳುತ್ತಿದ್ದರು: "ಅವನನ್ನು ಎಬ್ಬಿಸಬೇಡ. ಬೆಳಿಗ್ಗೆ ನಾಲ್ಕಕ್ಕೆ ಎದ್ದವನು ಅವನು. ಇವತ್ತಿನ ಪಾಠವನ್ನು ನಾಳೆ ನೀನು ಅವನಿಗೆ ಹೇಳು. ಹೇಳುವುದಕ್ಕಾದರೂ ನೀನು ಸರಿಯಾಗಿ ಕೇಳುತ್ತಿ." ಹೀಗೆ ನಮ್ಮಲ್ಲಿ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಇನ್ನೊಬ್ಬನಿಗೆ ಮಾಸ್ತರನಾಗಿದ್ದ.

ಇಂಥ ಶಾಲೆಗಳನ್ನು ಕಟ್ಟಿದವರು ಸರಕಾರದವರಲ್ಲ, ಸಾಹುಕಾರರೂ ಅಲ್ಲ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ದುಡಿಯುವವರಿಗಾಗಿ ರಾತ್ರಿ ಶಾಲೆ ತೆರೆದದ್ದು 1855ರಲ್ಲಿ. ಮುಂಬಯಿಯಲ್ಲಿ ಎನ್. ಎಂ. ಜೋಶಿಯವರು 1911ರಲ್ಲಿ ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್ ಗಿರಣಿ ಕೆಲಸಗಾರರಿಗೆ ರಾತ್ರಿ ಶಾಲೆಗಳನ್ನು ನಡೆಸಿತು. ಅದಕ್ಕೂ ಮೊದಲೇ ನಮ್ಮ ಕರಾವಳಿಯ ಮೊಗವೀರರು ಈ ಕೆಲಸಕ್ಕೆ ಕೈಹಾಕಿದ್ದರು. ಊರಲ್ಲಿ ಕಡಲನ್ನೇ ನಂಬಿ ಬದುಕಿದ್ದ ಸಮುದಾಯ, ಮುಂಬಯಿಯಲ್ಲಿ ಸಿಕ್ಕಿದ ಕೆಲಸ ಮಾಡುತ್ತಿದ್ದ ಜನ. ಅವರು 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು, 1908ರಲ್ಲಿ ಉಚಿತ ರಾತ್ರಿ ಶಾಲೆ ಶುರುಮಾಡಿದರು. ಕನ್ನಡದ ನಾಡೆಲ್ಲ ಸೇರಿ ಒಂದು ರಾಜ್ಯವಾಗುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲು, ಪರಊರಿನಲ್ಲಿ, ತಮ್ಮ ಕೂಲಿಯಿಂದ ಉಳಿಸಿದ ಕಾಸಿನಲ್ಲಿ! ಆಮೇಲೆ ಒಂದೊಂದಾಗಿ ಬಿಲ್ಲವರು, ಬಂಟರು, ಫೋರ್ಟಿನ ಕನ್ನಡ ಭವನದವರು ಈ ದಾರಿಯಲ್ಲಿ ನಡೆದರು. ಹಗಲು ಶಾಲೆಗಾಗಿ ವಡಾಲದಲ್ಲಿ 1939ರಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ ಎದ್ದಿತು. ಮುನಿಸಿಪಾಲಿಟಿಯೂ ತನ್ನ ಪ್ರಾಥಮಿಕ ಶಾಲೆಗಳಲ್ಲಿ ಮರಾಠಿ, ಗುಜರಾತಿ, ಉರ್ದು, ಹಿಂದಿ, ತಮಿಳು, ತೆಲುಗುಗಳ ಜೊತೆ ಕನ್ನಡದಲ್ಲೂ ಪಾಠ ಹೇಳಿಸಿತು. ಆದರೆ ಹಗಲು ದುಡಿಯುವ ಮಾಣಿಗೆ ಹಗಲು ಶಾಲೆ ಎಷ್ಟಿದ್ದರೇನು? ಅವನಿಗಿದ್ದದ್ದು ರಾತ್ರಿ ಒಂದೇ.

ಆ ರಾತ್ರಿಯನ್ನೇ ಯುದ್ಧ ಕಿತ್ತುಕೊಂಡಿತು.

ಡಿಸೆಂಬರ್ 3, ಶುಕ್ರವಾರ. ಸಂಜೆ ಪಾಕಿಸ್ತಾನದ ವಿಮಾನಗಳು ಪಶ್ಚಿಮದ ಗಡಿಯ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದವು. ನಡುರಾತ್ರಿ ಕಳೆದ ಮೇಲೆ ಇಂದಿರಾ ಗಾಂಧಿಯವರು ರೇಡಿಯೋದಲ್ಲಿ ಮಾತಾಡಿದರು. ಭಟ್ಟಿಯ ಭಟ್ಟರ ಟ್ರಾನ್ಸಿಸ್ಟರ್ ಸುತ್ತ ನಾವೆಲ್ಲ ಕೂತು ಕೇಳಿದೆವು. ಮಾರನೇ ದಿನದಿಂದ ಸೂರ್ಯ ಮುಳುಗಿದ ಮೇಲೆ ಗ್ರಾಂಟ್ ರೋಡ್ ಇದ್ದೂ ಇಲ್ಲದ ಹಾಗಾಯಿತು. ಬೀದಿ ದೀಪಗಳಿಲ್ಲ. ಸಿನೆಮಾ ಥಿಯೇಟರುಗಳ ಝಗಝಗ ಇಲ್ಲ. ಟ್ಯಾಕ್ಸಿಗಳ ಹೆಡ್‌ಲೈಟಿಗೆ ಅರ್ಧ ಕಪ್ಪು ಬಣ್ಣ. ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಎಲ್ಲಾದರೂ ಎಳೆಯಷ್ಟು ಬೆಳಕು ಸೋರಿದರೆ ಕೆಳಗಿನಿಂದ ಕೂಗು: "ಲೈಟ್ ಬಂದ್ ಕರೋ!" ಸೈರನ್ ಏರಿಳಿಯುತ್ತ ಕೂಗತೊಡಗಿದರೆ ಮೆಟ್ಟಿಲ ಕೆಳಗೆ ಓಡಬೇಕು. ನಮ್ಮ ಹೋಟೆಲಿನ ಶಟರ್ ಕತ್ತಲಾಗುವ ಮೊದಲೇ ಇಳಿಯತೊಡಗಿತು. ಫೋರ್ಟ್ ಅಂತೂ ನೌಕಾಪಡೆಯ ಹಡಗುಕಟ್ಟೆಗೆ ಅಂಟಿಕೊಂಡ ಜಾಗ. ಅಲ್ಲಿ ರಾತ್ರಿ ಮಕ್ಕಳನ್ನು ಸೇರಿಸುವ ಧೈರ್ಯ ಯಾರಿಗಿದೆ? ಮುಂದಿನ ಸೂಚನೆಯವರೆಗೆ ಶಾಲೆ ಇಲ್ಲ ಎಂದಾಯಿತು.

ನಿಜ ಹೇಳಬೇಕೆಂದರೆ ಮೊದಲ ದಿನ ನಮಗೆ ಖುಷಿಯೇ. ಕೆಲಸ ಬೇಗ ಮುಗಿಯಿತು, ಶಾಲೆಯೂ ಇಲ್ಲ. ಎರಡನೇ ದಿನಕ್ಕೆ ಕತ್ತಲು ಬೇಸರ ತರಿಸಿತು. ನಮ್ಮ ಹೋಟೆಲಿನಲ್ಲೂ ಅಕ್ಕಪಕ್ಕದ ಹೋಟೆಲುಗಳಲ್ಲೂ ಸೇರಿ ರಾತ್ರಿ ಶಾಲೆಗೆ ಹೋಗುವ ಹುಡುಗರ ಒಂದು ಗುಂಪೇ ಇತ್ತು. ನಮ್ಮಲ್ಲೊಬ್ಬ, ಕುಂದಾಪುರ ಕಡೆಯವನು, ಮೋರಿಯಲ್ಲಿ ಕೆಲಸ, ಮಾತು ಕಡಿಮೆ. ಅವನೇ ಅಂದ: "ಇನ್ನು ಶಾಲೆ ಶುರುವಾಗುದಿಲ್ಲ ಕಾಣ್. ಧಣಿಗಳು ಈಗಾಗಲೇ ಲೆಕ್ಕ ಹಾಕಿ ಆಯ್ತು. ಸಂಜೆ ಹೊತ್ತು ನಾವು ಇದ್ದರೆ ಅವರಿಗೆ ಎಷ್ಟು ಅನುಕೂಲ ಅಂತ ಗೊತ್ತಾಯ್ತು." ಅವನು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ರಾತ್ರಿ ಶಾಲೆಯ ಹುಡುಗ ಹದಿನೈದು ದಿನ ತಪ್ಪಿಸಿದರೆ ಮತ್ತೆ ಬರುವುದು ಅಪರೂಪ. ಊರಿಗೆ ಹೋದವನು, ಕಾಯಿಲೆ ಬಿದ್ದವನು, ಹೋಟೆಲು ಬದಲಿಸಿದವನು ಎಲ್ಲರೂ ಹೀಗೇ ಹಾಜರಿ ಪುಸ್ತಕದಿಂದ ಜಾರಿ ಹೋಗಿದ್ದರು.

ಇದು ಮಾಸ್ತರರಿಗೂ ಗೊತ್ತಿತ್ತು. ಸೋಮವಾರ ಸಂಜೆ ಶಟರ್ ಇಳಿಸಿ ಆದ ಮೇಲೆ ಹಿಂದಿನ ಬಾಗಿಲನ್ನು ಯಾರೋ ತಟ್ಟಿದರು. ಬಾಗಿಲು ತೆರೆದರೆ ಮಾಸ್ತರರು, ಕಂಕುಳಲ್ಲಿ ಹಾಜರಿ ಪುಸ್ತಕ! ಗಿರಗಾಂವಿನ ಚಾಳಿನ ತಮ್ಮ ಖೋಲಿಯಿಂದ ಹೊರಟು, ಒಪೆರಾ ಹೌಸ್ ಹತ್ತಿರ ಕೆನಡಿ ಬ್ರಿಜ್ ದಾಟಿ, ಆ ಗವ್ವೆನ್ನುವ ಕತ್ತಲಲ್ಲಿ ನಡೆದು ಬಂದಿದ್ದರು.

ಧಣಿಗಳು ಗಲ್ಲಾದಿಂದ ಎದ್ದು ಬಂದರು. "ಎಂತ ಮಾಸ್ಟ್ರೆ, ಈ ಕತ್ತಲಲ್ಲಿ?"

"ನಿಮ್ಮಲ್ಲಿ ಕಿಟಕಿ ಇಲ್ಲದ ಕೋಣೆ ಯಾವುದಾದರೂ ಉಂಟಾ?"

"ರುಬ್ಬುವ ಕೋಣೆ ಉಂಟು. ಯಾಕೆ?"

"ಶಾಲೆ ಮಾಡುವ."

ಧಣಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಕೆಟ್ಟವರಲ್ಲ. ತಾವೂ ಮೋರಿಯಿಂದಲೇ ಮೇಲೆ ಬಂದವರು. ಆದರೆ ಹುಡುಗರು ಓದುವುದೆಂದರೆ ಹೋಟೆಲು ಬಿಡುವುದು ಎಂದೇ ಅವರ ಎಣಿಕೆ, ಆ ಎಣಿಕೆ ಸುಳ್ಳೂ ಅಲ್ಲ. ಕೊನೆಗೆ ಅಂದರು: "ಹೇಗೂ ವ್ಯಾಪಾರ ಇಲ್ಲ. ಬೆಳಕು ಹೊರಗೆ ಹೋಗಬಾರದು, ಅಷ್ಟೆ."

ನಮ್ಮ ರುಬ್ಬುವ ಕೋಣೆ ಅಡುಗೆಮನೆಯ ಹಿಂದೆ. ಎರಡು ದೊಡ್ಡ ಕಲ್ಲುಗಳು, ಗೋಡೆಯುದ್ದಕ್ಕೂ ಅಕ್ಕಿ, ಉದ್ದಿನ ಮೂಟೆಗಳು. ಮೂಟೆಗಳೇ ಬೆಂಚಾದವು. ಇಂದಿನ ವಿಶೇಷ ಬರೆದು ಹೊರಗೆ ತೂಗುಹಾಕುತ್ತಿದ್ದ ಕಪ್ಪು ಹಲಗೆಯನ್ನು ಒಳಗೆ ತಂದೆವು. ಅದರಲ್ಲಿ ಶುಕ್ರವಾರದ ಬಿಸಿಬೇಳೆ ಭಾತು ಇನ್ನೂ ಹಾಗೇ ಇತ್ತು, ಒರೆಸಿದೆವು. ಬಲ್ಬಿಗೆ ಕಂದು ಕಾಗದದ ಟೊಪ್ಪಿ ಹಾಕಿ ಬೆಳಕು ಹಲಗೆಯ ಮೇಲೆ ಮಾತ್ರ ಬೀಳುವಂತೆ ಮಾಡಿದರು ಭಟ್ಟರು. ಅಕ್ಕಪಕ್ಕದ ಹೋಟೆಲುಗಳ ಹುಡುಗರಿಗೆ ಸುದ್ದಿ ಹೋಯಿತು. ಒಬ್ಬೊಬ್ಬರಾಗಿ ಹಿಂದಿನ ಗಲ್ಲಿಯ ಗೋಡೆ ಹಿಡಿದುಕೊಂಡು ಬಂದರು. ಮಾಸ್ತರರು ಹಾಜರಿ ಕರೆದರು. ಮೆಲ್ಲಗೆ, ಪಿಸುದನಿಯಲ್ಲಲ್ಲ, ಆದರೆ ಗೋಡೆಯಾಚೆ ಕೇಳದಷ್ಟು.

ಆ ದಿನ, ಡಿಸೆಂಬರ್ 6, ಭಾರತ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟಿತ್ತು. ಮಾಸ್ತರರು ಹಲಗೆಯ ಮೇಲೆ ಉಪಖಂಡದ ನಕ್ಷೆ ಬರೆದರು. ಪಶ್ಚಿಮದಲ್ಲಿ ಪಾಕಿಸ್ತಾನ, ನಡುವೆ ನಾವು, ಪೂರ್ವದಲ್ಲಿ ಗಂಗೆ-ಬ್ರಹ್ಮಪುತ್ರೆಗಳು ಕಡಲಿಗೆ ಸೇರುವ ಜಾಗ. ಅಲ್ಲಿ 'ಪೂರ್ವ ಪಾಕಿಸ್ತಾನ' ಎಂದು ಬರೆದು, ನಮ್ಮ ಪುಸ್ತಕದಲ್ಲೂ ಅದೇ ಇದೆ ಎಂದು ತೋರಿಸಿ, ಆಮೇಲೆ ಅಂಗೈಯಿಂದ ಒರೆಸಿ 'ಬಾಂಗ್ಲಾದೇಶ' ಎಂದು ಬರೆದರು. ಯಾಕೆ ಹೀಗಾಯಿತು ಎಂದು ವಿವರಿಸಿದರು. ಒಂದು ಧರ್ಮ ಇದ್ದರೂ ಭಾಷೆ ಬೇರೆ. ಉರ್ದು ಒಂದೇ ರಾಷ್ಟ್ರಭಾಷೆ ಎಂದಾಗ ಢಾಕಾದ ವಿದ್ಯಾರ್ಥಿಗಳು ಬಂಗಾಳಿಗಾಗಿ ಬೀದಿಗಿಳಿದದ್ದು, 1952ರ ಫೆಬ್ರವರಿ 21ರಂದು ಅವರ ಮೇಲೆ ಗುಂಡು ಹಾರಿದ್ದು, 1970ರ ಚುನಾವಣೆಯಲ್ಲಿ ಶೇಖ್ ಮುಜೀಬರ ಪಕ್ಷ ಗೆದ್ದರೂ ಅಧಿಕಾರ ಕೊಡದೆ ಸೈನ್ಯ ಕಳಿಸಿದ್ದು. ಮುಂಬಯಿಯಲ್ಲಿ ಕೂತು ಕನ್ನಡದಲ್ಲಿ ಓದುತ್ತಿದ್ದ ನಮಗೆ, ಭಾಷೆಗಾಗಿ ಜನ ಪ್ರಾಣ ಕೊಟ್ಟರು ಎಂಬುದನ್ನು ಅರ್ಥಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಒಬ್ಬ ಕೇಳಿದ: "ಸರ್, ಪರೀಕ್ಷೆಯಲ್ಲಿ ಯಾವುದು ಬರೆಯುವುದು? ಪುಸ್ತಕದ್ದಾ, ಹಲಗೆಯದ್ದಾ?"

"ಇವತ್ತು ಯಾವುದು ನಿಜವೋ ಅದನ್ನು ಬರಿ. ತಪ್ಪು ಅಂತ ಗೀಟು ಹಾಕಿದರೆ ನನ್ನ ಹತ್ತಿರ ಬಾ, ಅವರಿಗೆ ನಾನು ಉತ್ತರ ಹೇಳುತ್ತೇನೆ."

ಪುಸ್ತಕಕ್ಕಿಂತ ನಿಜ ದೊಡ್ಡದು ಎಂದು ಒಬ್ಬ ಮಾಸ್ತರ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲಿನ ರಾತ್ರಿಗಳಲ್ಲಿ ನಮಗೆ ಪಠ್ಯದಲ್ಲಿಲ್ಲದ ಪಾಠವೂ ಆಯಿತು. "ದಿನಾ ತರಕಾರಿ ಹೊತ್ತು ತರುತ್ತೀರಲ್ಲ, ಈ ನಾನಾ ಚೌಕ ಯಾವ ನಾನಾನದು?" ಎಂದು ಒಂದು ದಿನ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಜಗನ್ನಾಥ ಶಂಕರಶೇಟರ ಕಥೆ ಹೇಳಿದರು. ಜನ ನಾನಾ ಎಂದು ಕರೆಯುತ್ತಿದ್ದ ಆ ದೊಡ್ಡ ಮನುಷ್ಯ, ಹೆಣ್ಣುಮಕ್ಕಳು ಓದಿದರೆ ಕುಲ ಕೆಡುತ್ತದೆ ಎಂದು ಊರೆಲ್ಲ ಅನ್ನುತ್ತಿದ್ದ 1849ರಲ್ಲಿ ಹುಡುಗಿಯರ ಶಾಲೆಗೆ ತಮ್ಮ ಸ್ವಂತ ವಾಡೆಯಲ್ಲೇ ಜಾಗ ಕೊಟ್ಟವರು. "ಶಾಲೆಗೆ ಕಟ್ಟಡ ಆಮೇಲೆ ಬರುತ್ತದೆ. ಮೊದಲು ಯಾರಾದರೂ ತಮ್ಮ ಜಾಗ ಬಿಟ್ಟುಕೊಡಬೇಕು," ಎಂದು ಹೇಳುವಾಗ ಅವರ ಕಣ್ಣು ಬಾಗಿಲ ಬಳಿ ನಿಂತಿದ್ದ ಧಣಿಗಳ ಕಡೆಗಿತ್ತು.

ಇನ್ನೊಂದು ದಿನ ನಮ್ಮ ರಸ್ತೆಯದೇ ಪಾಠ. 1835ರಿಂದ 1838ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ರಾಬರ್ಟ್ ಗ್ರಾಂಟನ ಹೆಸರು ಈ ರಸ್ತೆಗೆ. 1864ರಲ್ಲಿ ಗುಜರಾತಿನ ಕಡೆಯಿಂದ ರೈಲು ಬಂದಾಗ ಅದರ ಕೊನೆಯ ನಿಲ್ದಾಣ ಇದೇ ಗ್ರಾಂಟ್ ರೋಡ್. ಚರ್ಚ್‌ಗೇಟಿನವರೆಗೆ ಹಳಿ ಮುಂದುವರಿದದ್ದು ಆಮೇಲೆ. ಇಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ನಡೆದರೆ 1942ರ ಆಗಸ್ಟಿನಲ್ಲಿ 'ಮಾಡು ಇಲ್ಲವೆ ಮಡಿ' ಎಂದು ಗಾಂಧೀಜಿ ಕರೆ ಕೊಟ್ಟ ಗೋವಾಲಿಯಾ ಟ್ಯಾಂಕ್ ಮೈದಾನ. ಲ್ಯಾಬರ್ನಮ್ ರಸ್ತೆಯಲ್ಲಿ ಅವರು ಬಂದರೆ ಇಳಿಯುತ್ತಿದ್ದ ಮಣಿಭವನ. ಅದರ ಸಮೀಪ, ಗಾಮದೇವಿಯಲ್ಲಿ, ಕೆನರಾದಿಂದ ಬಂದ ಸಾರಸ್ವತರು ಕಟ್ಟಿದ ಮನೆಗಳು. ಬಾಡಿಗೆ ಮನೆ ಸಿಗದೆ ಒದ್ದಾಡುತ್ತಿದ್ದ ಗುಮಾಸ್ತರನ್ನು ಸೇರಿಸಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕನ್ನೂ 1915ರಲ್ಲಿ ಸಹಕಾರಿ ವಸತಿ ಸಂಘವನ್ನೂ ಕಟ್ಟಿದ್ದರು. "ಮನೆ ಸಿಗದವರು ಸೇರಿ ಮನೆ ಕಟ್ಟಿದರು. ಶಾಲೆ ಸಿಗದವರು ಸೇರಿ ಶಾಲೆ ಕಟ್ಟಿದರು. ಇದು ನಮ್ಮ ಕಡೆಯವರೇ ಮಾಡಿದ್ದು, ನೆನಪಿಟ್ಟುಕೊಳ್ಳಿ," ಅಂದರು ಮಾಸ್ತರರು. ಅಲ್ಲಿಯವರೆಗೆ ಗ್ರಾಂಟ್ ರೋಡ್ ಅಂದರೆ ನಮಗೆ ಗಿರಾಕಿ, ಗದ್ದಲ, ಭಾಜಿ ಮೂಟೆ. ಆಮೇಲೆ ಆ ರಸ್ತೆಗಳಲ್ಲಿ ನಡೆಯುವಾಗ ನಮಗೂ ಅಲ್ಲೊಂದು ಪಾಲಿದೆ ಅನ್ನಿಸತೊಡಗಿತು.

ಒಂದು ರಾತ್ರಿ ಪಾಠದ ನಡುವೆ ಹಿಂದಿನ ಬಾಗಿಲು ಜೋರಾಗಿ ಬಡಿಯಿತು. ಎಲ್ಲೂ ಬೆಳಕು ಸೋರದಂತೆ ಗಸ್ತು ತಿರುಗುವ ಗಲ್ಲಿಯ ವಾರ್ಡನ್. ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಮರಾಠಿ ಗೃಹಸ್ಥ, ಕೈಯಲ್ಲಿ ಕೋಲು, ತಲೆಗೆ ಕಬ್ಬಿಣದ ಟೊಪ್ಪಿ. ಬಾಗಿಲ ಸಂದಿಯಿಂದ ಬೆಳಕು ಕಾಣುತ್ತಿದೆ ಎಂದು ಬಂದಿದ್ದ. ನಮ್ಮ ಜೀವ ಬಾಯಿಗೆ ಬಂತು. ಅದಕ್ಕೆ ಕಾರಣ ಯುದ್ಧವೊಂದೇ ಅಲ್ಲ. 1969ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ-ಮೈಸೂರು ರಾಜ್ಯಗಳ ಗಡಿ ವಿವಾದದ ಗಲಭೆ ಎದ್ದಾಗ ಕನ್ನಡದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದಿತ್ತು. ನಾವು ಶಟರ್ ಇಳಿಸಿ ಇದೇ ಕೋಣೆಯಲ್ಲಿ ಮೂಟೆಗಳ ಹಿಂದೆ ಕೂತಿದ್ದೆವು. ಆ ಹೆದರಿಕೆ ಇನ್ನೂ ಮಾಸಿರಲಿಲ್ಲ.

ವಾರ್ಡನ್ ಒಳಗೆ ಇಣುಕಿದ. ಮೂಟೆಗಳ ಮೇಲೆ ಕೂತ ನಾವು, ಹಲಗೆಯ ಮೇಲೆ ಕನ್ನಡ ಅಕ್ಷರಗಳು. "ಶಾಳಾ?" ಎಂದ. ಮಾಸ್ತರರು ಹೌದೆಂದರು. ಇವರೆಲ್ಲ ಹೋಟೆಲಿನ ಹುಡುಗರು, ರಾತ್ರಿ ಶಾಲೆ ಮುಚ್ಚಿದೆ, ಏಪ್ರಿಲಿನಲ್ಲಿ ಪರೀಕ್ಷೆ ಇದೆ ಎಂದು ಮರಾಠಿಯಲ್ಲಿ ವಿವರಿಸಿದರು. ಅವನು ಸ್ವಲ್ಪ ಹೊತ್ತು ಹಲಗೆ ನೋಡುತ್ತ ನಿಂತ. ಹಗಲು ಗಿರಣಿಯಲ್ಲಿ ದುಡಿದು ತಾನೂ ರಾತ್ರಿ ಶಾಲೆಯಲ್ಲೇ ಮ್ಯಾಟ್ರಿಕ್ ಮುಗಿಸಿದ್ದು ಎಂದ. ಹೋಗಿ ಎಲ್ಲಿಂದಲೋ ಹಳೆಯ ಗೋಣಿಚೀಲ ತಂದು, ಬಾಗಿಲ ಸಂದಿಗೆ ತಾನೇ ತುರುಕಿ, ಹೊರಗೆ ನಿಂತು ಬೆಳಕು ಕಾಣುತ್ತದೋ ಎಂದು ಪರೀಕ್ಷಿಸಿದ. "ಚಾಲೂ ದ್ಯಾ," ಎಂದು ಹೇಳಿ ಹೋದ. ನಡೆಯಲಿ ಬಿಡಿ ಎಂದು. ಅಂದಿನಿಂದ ದಿನಾ ಗಸ್ತಿನ ನಡುವೆ ಒಮ್ಮೆ ಬಂದು ಬಾಗಿಲು ನೋಡಿಕೊಂಡು ಹೋಗುತ್ತಿದ್ದ. ಪಾಠ ಮುಗಿದ ಮೇಲೆ ಮಾಸ್ತರರನ್ನು ಕೆನಡಿ ಬ್ರಿಜ್‌ವರೆಗೆ ಬಿಟ್ಟು ಬರುತ್ತಿದ್ದದ್ದೂ ಅವನೇ. ಗಡಿ ಎಲ್ಲಿ ಎಳೆಯಬೇಕು ಎಂದು ದೊಡ್ಡವರು ಇವತ್ತಿಗೂ ಜಗಳವಾಡುತ್ತಾರೆ. ದುಡಿದು ಓದಿದವನಿಗೆ ದುಡಿದು ಓದುವವನು ಯಾವ ಭಾಷೆಯವನಾದರೂ ತನ್ನವನೇ ಎಂಬುದನ್ನು ನಾನು ಕಲಿತದ್ದು ಆ ಮರಾಠಿ ಮನುಷ್ಯನಿಂದ.

ಇನ್ನು ಧಣಿಗಳ ವಿಷಯ. ಅವರು ದಿನಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಒಂದು ಸಂಜೆ ಒಂದು ಲಕೋಟೆ ಹಿಡಿದುಕೊಂಡು ಬಂದರು. "ಮಾಸ್ಟ್ರೆ, ಇದೊಂದು ಮುನಿಸಿಪಾಲಿಟಿ ಕಾಗದ. ಓದುವವನು ಈಗ ಊರಲ್ಲಿಲ್ಲ. ಎಂತ ಅಂತ ಒಮ್ಮೆ ಹೇಳ್ತೀರಾ?" ಹೋಟೆಲಿಗೆ ಬರುವ ಇಂಗ್ಲಿಷ್ ಕಾಗದಗಳನ್ನು ಓದಿ ಉತ್ತರ ಬರೆಯಲು ಒಬ್ಬನಿದ್ದ, ಪ್ರತಿ ಸಲ ದುಡ್ಡು ತೆಗೆದುಕೊಳ್ಳುತ್ತಿದ್ದ.

ಮಾಸ್ತರರು ಕಾಗದವನ್ನು ತೆಗೆದುಕೊಂಡರು, ತಾವು ಓದಲಿಲ್ಲ. ಮೋರಿಯಲ್ಲಿ ಕೆಲಸ ಮಾಡುವ ಆ ಕುಂದಾಪುರದ ಹುಡುಗನ ಕೈಗೆ ಕೊಟ್ಟರು. "ಎದ್ದು ನಿಂತು ಓದು." ಅವನ ಬೆರಳುಗಳು ಸೋಡಾ ನೀರಿನಲ್ಲಿ ನೆನೆದು ಬೆಳ್ಳಗಾಗಿದ್ದವು, ಕಾಗದ ನಡುಗುತ್ತಿತ್ತು. ಒಂದೊಂದೇ ಶಬ್ದ ಕೂಡಿಸಿಕೊಂಡು ಓದಿದ. ಲೈಸೆನ್ಸ್ ಎಂದ. ರಿನ್ಯೂ ಎಂಬಲ್ಲಿ ತಡವರಿಸಿದ, ಮಾಸ್ತರರು ಸುಮ್ಮನೆ ಕಾದರು, ಅವನೇ ದಾಟಿದ. ಥರ್ಟಿ ಫಸ್ಟ್ ಡಿಸೆಂಬರ್ ಎಂದು ಗಟ್ಟಿಯಾಗಿ ಹೇಳಿದ. ಆಮೇಲೆ ಧಣಿಗಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: "ಈ ತಿಂಗಳು ಮುಗಿಯುದರ ಒಳಗೆ ಲೈಸೆನ್ಸ್ ಹೊಸದು ಮಾಡಿಸಬೇಕಂತೆ, ಧಣಿ. ಇಲ್ಲದಿದ್ದರೆ ದಂಡ ಉಂಟಂತೆ."

ಧಣಿಗಳು ಅವನನ್ನು ನೋಡಿದ ಬಗೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಬಂದ ದಿನದಿಂದ ಅವರು ಅವನ ಕೈ ನೋಡಿದ್ದರು, ಎಷ್ಟು ಕಪ್ಪು ತೊಳೆಯುತ್ತದೆ ಎಂದು. ಮುಖ ನೋಡಿದ್ದು ಅವತ್ತು. ಏನೂ ಹೇಳದೆ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಬಂದು, ಒಂದು ಮೂಟೆಯ ತುದಿಯಲ್ಲಿ ಕೂತರು. ಆ ದಿನದ ಇಂಗ್ಲಿಷ್ ಪಾಠವನ್ನು ಕೊನೆಯವರೆಗೆ ಕೇಳಿದರು.

ಡಿಸೆಂಬರ್ 16ರ ಸಂಜೆ ಢಾಕಾದಲ್ಲಿ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಹಾಕಿದ. ಮರುದಿನ ಪಶ್ಚಿಮದ ಗಡಿಯಲ್ಲೂ ಗುಂಡಿನ ಸದ್ದು ನಿಂತಿತು. ಗ್ರಾಂಟ್ ರೋಡಿನ ದೀಪಗಳು ಮತ್ತೆ ಹತ್ತಿದವು. ಜನ ಬೀದಿಯಲ್ಲಿ ಪೇಡೆ ಹಂಚಿದರು, ನಾವೂ ಎಲ್ಲರಿಗೆ ಚಹಾ ಕೊಟ್ಟೆವು. ಫೋರ್ಟಿನ ಶಾಲೆಯ ಬಾಗಿಲು ತೆರೆಯಿತು. ಹಾಜರಿ ಕರೆದಾಗ ಬೇರೆ ಬೇರೆ ಕಡೆಯ ಕೆಲವು ಹೆಸರುಗಳಿಗೆ ಉತ್ತರ ಬರಲಿಲ್ಲ. ಗ್ರಾಂಟ್ ರೋಡಿನ ಹುಡುಗರಲ್ಲಿ ಒಬ್ಬನೂ ತಪ್ಪಿಸಿಕೊಂಡಿರಲಿಲ್ಲ. ಹೋಟೆಲಿನಲ್ಲೂ ಒಂದು ಬದಲಾವಣೆಯಾಯಿತು. ಶಾಲೆಗೆ ಹೋಗುವವರು ಸಂಜೆ ಐದೂವರೆಗೆ ಕೈ ತೊಳೆದುಕೊಳ್ಳಬಹುದು, ಅವರ ಬದಲಿಗೆ ಯಾರು ನಿಲ್ಲಬೇಕೆಂಬುದನ್ನು ತಾವೇ ಹೊಂದಿಸುತ್ತೇವೆ ಎಂದು ಧಣಿಗಳು ಹೇಳಿದರು. ಅಲ್ಲಿಯವರೆಗೆ ನಾವು ದಿನಾ ಅಂಗಲಾಚಿ ಪಡೆಯುತ್ತಿದ್ದ ಬಿಡುವು ಅಂದಿನಿಂದ ನಿಯಮವಾಯಿತು. ನಮಗೆಲ್ಲ ಲೋಕಲ್ ಟ್ರೇನಿನ ಪಾಸನ್ನೂ ಅವರೇ ಮಾಡಿಸಿಕೊಟ್ಟರು.

ಏಪ್ರಿಲಿನ ಪರೀಕ್ಷೆಯಲ್ಲಿ ನಾವು ನಕ್ಷೆಯಲ್ಲಿ ಬಾಂಗ್ಲಾದೇಶ ಎಂದೇ ಬರೆದೆವು. ಯಾರೂ ಗೀಟು ಹಾಕಲಿಲ್ಲ.

ಆಗ ಎಸ್ಸೆಸ್ಸಿ ಹನ್ನೊಂದನೇ ಕ್ಲಾಸಿಗೆ. ಆ ರುಬ್ಬುವ ಕೋಣೆಯ ಹುಡುಗರಲ್ಲಿ ಎಲ್ಲರೂ ಅಲ್ಲಿಯವರೆಗೆ ಹೋಗಲಿಲ್ಲ, ಆದರೆ ಏಳನೇ ಕ್ಲಾಸನ್ನು ಎಲ್ಲರೂ ದಾಟಿದರು. ಅದೇನು ಮಹಾ ಎಂದು ಇವತ್ತಿನವರು ಕೇಳಬಹುದು. ಆ ಕಾಲಕ್ಕೆ ಜವಾನನ ಕೆಲಸಕ್ಕೂ ಡ್ರೈವರ್ ಕೆಲಸಕ್ಕೂ ಏಳನೇ ಕ್ಲಾಸಿನ ಸರ್ಟಿಫಿಕೇಟು ಇದ್ದವನ ದಾರಿ ಬೇರೆ, ಇಲ್ಲದವನದು ಬೇರೆ. ಕುಂದಾಪುರದ ಹುಡುಗ ಎಸ್ಸೆಸ್ಸಿ ಮುಗಿಸಿ ಬ್ಯಾಂಕ್ ಸೇರಿದ, ಊರಿನ ಕಡೆಯ ಶಾಖೆಯಲ್ಲಿ ಮ್ಯಾನೇಜರ್ ಆಗಿ ನಿವೃತ್ತನಾದ. ಒಬ್ಬ ಟ್ಯಾಕ್ಸಿ ಕೊಂಡ. ಇಬ್ಬರು ಸೇರಿ ಉಪನಗರದಲ್ಲಿ ಹೋಟೆಲ್ ತೆರೆದರು. ಅವರ ಲೈಸೆನ್ಸ್ ಕಾಗದ ಓದಲು ಯಾರಿಗೂ ದುಡ್ಡು ಕೊಡಬೇಕಾಗಲಿಲ್ಲ. ನನಗೆ ಒಂದು ಕಂಪೆನಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಸಂಜೆಗಳನ್ನು ನಾನು ರಾತ್ರಿ ಶಾಲೆಗೇ ಕೊಟ್ಟೆ. ತೂಕಡಿಸುವವನನ್ನು ಎಬ್ಬಿಸದೆ ಪಾಠ ಹೇಳುವುದು ಹೇಗೆಂದು ನನಗೆ ಯಾವ ಟ್ರೈನಿಂಗ್ ಕಾಲೇಜೂ ಕಲಿಸಬೇಕಾಗಿರಲಿಲ್ಲ.

ಈಗ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬೆಂಚುಗಳು ಬರಿದಾಗಿವೆ. ಕೆಲವು ಶಾಲೆಗಳು ಮುಚ್ಚಿವೆ. ಸಮಾರಂಭಗಳಲ್ಲಿ ಇದನ್ನು ಹೇಳಿ ಮರುಗುವವರನ್ನು ನೋಡುತ್ತೇನೆ. ನನಗೂ ಸಂಕಟವಿದೆ, ಇಂಗ್ಲಿಷ್ ಶಾಲೆಗಳ ಮುಂದೆ ಹಗಲಿನ ಕನ್ನಡ ಶಾಲೆಗಳೂ ಸೊರಗಿರುವುದನ್ನು ನೋಡಿದಾಗಲಂತೂ ಇನ್ನೂ ಹೆಚ್ಚು. ಆದರೆ ರಾತ್ರಿ ಶಾಲೆ ಬರಿದಾದದ್ದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಹೇಳದೆ ಬಿಡುವುದು ಸರಿಯಲ್ಲ. ನಮ್ಮ ಊರುಗಳಿಂದ ಹದಿಮೂರರ ಮಾಣಿ ಕಪ್ಪು ತೊಳೆಯಲು ಬರುವುದು ನಿಂತಿದೆ. ಹೋಟೆಲು, ಧಾಬಾಗಳಲ್ಲಿ ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಸಬಾರದೆಂಬ ಕಾನೂನು 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಶಿಕ್ಷಣದ ಹಕ್ಕಿನ ಕಾಯಿದೆ 2009ರಲ್ಲಿ ಆಯಿತು. ಕಾನೂನಿಗೂ ಮೊದಲೇ, ರಾತ್ರಿ ಶಾಲೆಯಲ್ಲಿ ಓದಿದ ಅಪ್ಪ ತನ್ನ ಮಗನನ್ನು ಮೋರಿಗೆ ಕಳಿಸುವುದಿಲ್ಲ ಎಂದು ನಿರ್ಧರಿಸಿದ್ದ. 1908ರಲ್ಲಿ ಶಾಲೆ ತೆರೆದ ಮೊಗವೀರ ಹಿರಿಯರು ಬಯಸಿದ್ದು ಇದನ್ನೇ ಅಲ್ಲವೇ? ಒಂದು ರಾತ್ರಿ ಶಾಲೆಗೆ ಇದಕ್ಕಿಂತ ದೊಡ್ಡ ಸಾಧನೆ ಯಾವುದೆಂದು ನನಗೆ ತಿಳಿಯದು.

ಹಾಗೆಂದು ಕೆಲಸ ಮುಗಿಯಿತೆಂದು ಕೂರುವ ಹಾಗಿಲ್ಲ. ಇವತ್ತು ನಮ್ಮವರ ಹೋಟೆಲುಗಳ ಮೋರಿಯಲ್ಲಿ, ಟೇಬಲುಗಳ ನಡುವೆ, ಹದಿನಾರು ಹದಿನೇಳರ ಹುಡುಗರಿದ್ದಾರೆ. ಬಿಹಾರದವರು, ಒಡಿಶಾದವರು, ಬಂಗಾಳ, ಉತ್ತರ ಪ್ರದೇಶದವರು. ನಮ್ಮ ಹಾಗೆಯೇ ಅರ್ಧಕ್ಕೆ ಶಾಲೆ ಬಿಟ್ಟು ಬಂದವರು. ಅವರಿಗೆ ಕನ್ನಡ ಶಾಲೆ ಬೇಡ. ಆದರೆ ಹಿಂದಿ, ಮರಾಠಿ ರಾತ್ರಿ ಶಾಲೆಗಳು ಮುಂಬಯಿಯಲ್ಲಿ ಇನ್ನೂ ಇವೆ. 2008ರಿಂದ ಮಾಸೂಮ್ ಎಂಬ ಸಂಸ್ಥೆ ಅಂಥ ಶಾಲೆಗಳಿಗೆ ಪುಸ್ತಕ, ಪ್ರಯೋಗಾಲಯ, ಸಂಜೆಯ ಆಹಾರ ಒದಗಿಸುತ್ತ ಬಂದಿದೆ. ಗಲ್ಲಾದಲ್ಲಿ ಕೂತಿರುವ ನಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ನಾನು ಹೇಳುವುದು ಇಷ್ಟೆ. ನಿಮ್ಮ ಹೋಟೆಲಿನಲ್ಲಿ ಓದುವ ಆಸೆ ಯಾರಿಗಿದೆ ಎಂದು ಒಮ್ಮೆ ಕೇಳಿ ನೋಡಿ. ಒಬ್ಬನಿದ್ದರೂ ಸಂಜೆ ಐದೂವರೆಗೆ ಅವನನ್ನು ಬಿಡಿ, ಅವನ ಬದಲಿಗೆ ಯಾರು ನಿಲ್ಲಬೇಕೆಂಬುದನ್ನು ನೀವೇ ಹೊಂದಿಸಿ, ಲೋಕಲ್ ಟ್ರೇನಿನ ಪಾಸು ಮಾಡಿಸಿಕೊಡಿ. ನಮ್ಮ ಮಾಸ್ತರರ ಸಾಲ ತೀರಿಸಲು ನನಗೆ ಗೊತ್ತಿರುವ ದಾರಿ ಇದೊಂದೇ.